ಇಳಿಯದ ಊರಿಗೂ ವೀಸಾ

ಪಟ್ಟದಕಲ್ಲಿನ ಗುಡಿಗಳ ಹಿಂದೆ ಮಲಪ್ರಭೆಯ ದಂಡೆಯಲ್ಲಿ ಕೂತು ಮಗಳ ಕಾಲಿಗೆ ಹತ್ತಿದ್ದ ಅರಲು ತೊಳೆಯುತ್ತಿದ್ದಾಗ ಫೋನಿಗೆ ಸಂದೇಶ ಬಂತು. ನಾವು ಐರ್ಲೆಂಡಿಗೆ ವಾಪಸು ಹೋಗಬೇಕಿದ್ದ ವಿಮಾನ ರದ್ದಾಗಿತ್ತು. ಕೊಲ್ಲಿ ದೇಶಗಳ ಮೇಲಿನ ಆಕಾಶಮಾರ್ಗ ಸದ್ಯಕ್ಕೆ ಮುಚ್ಚಿದೆ, ನೀವು ಹೊರಡಬೇಕಿದ್ದ ದಿನವೇ ಮುಂಬೈಯಿಂದ ಪ್ಯಾರಿಸ್ ಮೂಲಕ ಡಬ್ಲಿನ್ನಿಗೆ ನಿಮ್ಮನ್ನು ಕಳಿಸುತ್ತೇವೆ, ತೊಂದರೆಗೆ ವಿಷಾದಿಸುತ್ತೇವೆ ಎಂದು ವಿಮಾನ ಸಂಸ್ಥೆಯವರು ಬರೆದಿದ್ದರು. ಹೊಸ ಟಿಕೆಟ್ ಕೂಡ ಜೊತೆಗೇ ಇತ್ತು. ನನಗೆ ಸಮಾಧಾನವೇ ಆಯಿತು. ರದ್ದು ಮಾಡಿ ಕೈ ತೊಳೆದುಕೊಳ್ಳಲಿಲ್ಲವಲ್ಲ, ದಾರಿ ತೋರಿಸಿದರಲ್ಲ ಎಂದುಕೊಂಡೆ.

ನನ್ನ ತಮ್ಮ ಬಾದಾಮಿಯಿಂದ ಪ್ರವಾಸಿಗರನ್ನು ಕರೆದುಕೊಂಡು ಓಡಾಡುವ ಜೀಪು ಇಟ್ಟುಕೊಂಡಿದ್ದಾನೆ. ಅವತ್ತು ಗಿರಾಕಿಗಳಿಲ್ಲ ಎಂದು ನಮ್ಮಿಬ್ಬರನ್ನು ಕೂರಿಸಿಕೊಂಡು ಬಂದಿದ್ದ. ಸಂದೇಶ ಓದಿ ಹೇಳಿದೆ.

"ಚಲೋನ ಆತಲ್ಲಬೇ ಯಕ್ಕಾ, ಪ್ಯಾರಿಸ್ ನೋಡ್ಕೊಂತ ಹೋಗ್ತಿ" ಎಂದ.

"ನೋಡೂದೇನ್ ಬಂತೋ. ಒಂದು ವಿಮಾನ ಇಳದು, ನಿಲ್ದಾಣದಾಗ ಕುಂತು, ಇನ್ನೊಂದು ಹತ್ತೂದು. ಊರಿನ ಮಣ್ಣೂ ಮೆಟ್ಟಂಗಿಲ್ಲ" ಎಂದೆ.

ಅಷ್ಟೇ ಮಾತು. ಮಗಳು ಕಾಲು ಒರೆಸಿಕೊಳ್ಳದೆ ಓಡಿದಳು, ಅವಳ ಹಿಂದೆ ನಾನು ಓಡಿದೆ.

ನಾವು ಗುಡೂರಿನವರು, ಬೀರಪ್ಪನ ಒಕ್ಕಲು. ಮನೆಯಲ್ಲಿ ಈಗಲೂ ಕುರಿಗಳಿವೆ. ನಾನು ಬಾಗಲಕೋಟೆಯಲ್ಲಿ ನರ್ಸಿಂಗ್ ಕಲಿತೆ, ಇಳಕಲ್ಲಿನ ಒಂದು ದವಾಖಾನೆಯಲ್ಲಿ ಕೆಲಸ ಮಾಡಿದೆ. ಆಮೇಲೆ ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬಾದಾಮಿಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನ ಗಂಡ ಅಲ್ಲಿ ಒಂದು ಆಸ್ಪತ್ರೆಯ ಅಡುಗೆಮನೆ ಸೇರಿದ. ಮಗಳು ಇಲ್ಲೇ ಹುಟ್ಟಿದವಳು, ಮಾತು ಕಲಿಯುವ ವಯಸ್ಸಿಗೆ ಅಲ್ಲಿಗೆ ಬಂದವಳು. ಈ ಪ್ರಯಾಣದ ಹೊತ್ತಿಗೆ ಒಂದನೆಯ ತರಗತಿ ಓದುತ್ತಿದ್ದಳು. ಅವ್ವನ ಕಣ್ಣಿನ ಆಪರೇಷನ್ ಬಾಗಲಕೋಟೆಯಲ್ಲಿ ಎಂದು ಗೊತ್ತಾದಾಗ, ಊರ ಮುದುಕರ ಕಣ್ಣಿಗೆಲ್ಲ ಹನಿ ಹಾಕುವ ನಾನು ನನ್ನ ಅವ್ವನ ಕಣ್ಣಿಗೆ ಹಾಕಬಾರದೇ ಎಂದು ರಜೆ ಹಾಕಿ ಮಗಳೊಂದಿಗೆ ಬಂದಿದ್ದೆ. ಗಂಡನಿಗೆ ರಜೆ ಸಿಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತು ಬಂದವರಿಗೆಲ್ಲ ಎಂಥ ದೊಡ್ಡ ಬೆಳಕು ಕಂಡಿತು ಎಂದು ಹೇಳುತ್ತಿದ್ದಳು.

ಪಟ್ಟದಕಲ್ಲಿನಿಂದ ಬಾದಾಮಿಗೆ ಬಂದು ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ, ನನ್ನ ಜೊತೆಗೇ ಕೆಲಸ ಮಾಡುವ ಕೇರಳದ ಗೆಳತಿಗೆ ಹೊಸ ದಾರಿಯ ವಿಷಯ ತಿಳಿಸಿದೆ. ನಾನು ಬರುವ ದಿನ ಅವಳೇ ನನ್ನ ಪಾಳಿ ನೋಡಿಕೊಳ್ಳಬೇಕಿತ್ತು. ಅವಳಿಂದ ತಕ್ಷಣ ಧ್ವನಿಸಂದೇಶ ಬಂತು. ಒಂದೇ ಪ್ರಶ್ನೆ ಕೇಳಿದ್ದಳು: ಪ್ಯಾರಿಸ್ಸಿಗೆ ಮಗುವಿನ ಟ್ರಾನ್ಸಿಟ್ ವೀಸಾ ಇದೆಯಾ?

ಇನ್ನೊಮ್ಮೆ ಕೇಳಿಸಿಕೊಂಡೆ. ಚಹಾ ಹಾಗೇ ಉಳಿಯಿತು.

ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು, ನನಗೂ ಅವತ್ತಿನವರೆಗೆ ಪೂರ್ತಿ ಗೊತ್ತಿರಲಿಲ್ಲ. ವಿಮಾನ ಬದಲಿಸಲು ಒಂದು ದೇಶದಲ್ಲಿ ಇಳಿದು, ನಿಲ್ದಾಣದ ಗೋಡೆ ದಾಟದೆ ಮುಂದಿನ ವಿಮಾನ ಹತ್ತಿದರೂ ಕೆಲವು ದೇಶಗಳು ನಮ್ಮಂಥವರಿಂದ ವೀಸಾ ಕೇಳುತ್ತವೆ. ಕೊಲ್ಲಿಯ ದಾರಿಯಲ್ಲಿ ಅದು ಬೇಕಿರಲಿಲ್ಲ. ಪ್ಯಾರಿಸ್ಸಿನಲ್ಲಿ ಬೇಕಿತ್ತು. ಯುರೋಪಿನ ಒಕ್ಕೂಟದ ಯಾವುದಾದರೂ ದೇಶದ ವಾಸದ ಕಾರ್ಡು ಇದ್ದವರಿಗೆ ಮಾತ್ರ ವಿನಾಯಿತಿ. ನನ್ನ ಹತ್ತಿರ ಐರ್ಲೆಂಡಿನ ಕಾರ್ಡು ಇತ್ತು. ಮಗಳ ಹತ್ತಿರ ಇರಲಿಲ್ಲ. ಕಳೆದುಹೋಗಿತ್ತು ಅಂತಲ್ಲ, ಐರ್ಲೆಂಡಿನಲ್ಲಿ ಚಿಕ್ಕ ಮಕ್ಕಳಿಗೆ ಆ ಕಾರ್ಡನ್ನು ಕೊಡುವುದೇ ಇಲ್ಲ. ಕಾರ್ಡಿರುವ ತಾಯಿಯೋ ತಂದೆಯೋ ಜೊತೆಗಿದ್ದರೆ ಮಗುವನ್ನು ಒಳಗೆ ಬಿಡುತ್ತಾರೆ. ಐರ್ಲೆಂಡಿಗೆ ಮಗಳು ನನ್ನವಳು ಅನ್ನುವುದು ಸಾಕು. ನಡುವಿನ ಊರಿಗೆ ಸಾಲದು.

ಬಾದಾಮಿಯಿಂದ ಗುಡೂರಿನ ತನಕ ದಾರಿಯುದ್ದಕ್ಕೂ ವಿಮಾನ ಸಂಸ್ಥೆಗೆ ಫೋನು ಹಚ್ಚಿದೆ. ಒಂದೇ ಸಂಗೀತ ಮತ್ತೆ ಮತ್ತೆ. ಕೊನೆಗೆ ಸಿಕ್ಕವನು, ಮಗು ನಿಮ್ಮ ಜೊತೆ ತಾನೇ ಮೇಡಂ, ಏನೂ ತೊಂದರೆಯಿಲ್ಲ ಎಂದ. ಬರೆದು ಕಳಿಸಿ ಎಂದೆ. ಹಾಗೆ ಬರೆದು ಕೊಡಲು ಬರುವುದಿಲ್ಲ ಎಂದ. ಮರುದಿನ ಸಿಕ್ಕ ಹೆಣ್ಣುಮಗಳು ಅದಕ್ಕೆ ತದ್ವಿರುದ್ಧ ಹೇಳಿದಳು: ಕಾಗದಪತ್ರ ಸರಿಯಿರುವುದು ಪ್ರಯಾಣಿಕರ ಜವಾಬ್ದಾರಿ, ರಾಯಭಾರ ಕಚೇರಿಯನ್ನು ಕೇಳಿ. ಬೇರೆ ದಾರಿಗೆ ಹಾಕಿ ಎಂದರೆ ಸೀಟುಗಳು ಖಾಲಿಯಿಲ್ಲ, ಸದ್ಯ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ ಎಂದಳು. ರಾಯಭಾರ ಕಚೇರಿಗೆ ಮಿಂಚಂಚೆ ಬರೆದೆ. ಯಂತ್ರದ ಉತ್ತರ ಬಂತು. ವೀಸಾ ಅರ್ಜಿ ಕೊಡುವ ಕೇಂದ್ರದ ಪುಟ ತೆರೆದು ನೋಡಿದರೆ ನಮ್ಮ ಪ್ರಯಾಣದ ದಿನ ದಾಟುವವರೆಗೂ ಭೇಟಿಗೆ ಒಂದು ಹೊತ್ತೂ ಖಾಲಿಯಿಲ್ಲ. ಆ ಪುಟವನ್ನು ಎಷ್ಟು ಸಲ ತೆರೆದೆನೋ. ಕುರಿಗೆ ನೀರಿಡಲು ಹೋದಾಗ, ರೊಟ್ಟಿ ತಟ್ಟುವಾಗ ಹಿಟ್ಟಿನ ಕೈಯ ಕಿರುಬೆರಳಿನಿಂದ, ಅವ್ವನ ಕಣ್ಣಿಗೆ ಹನಿ ಹಾಕಿ ಅವಳು ರೆಪ್ಪೆ ಮುಚ್ಚಿಕೊಂಡಿದ್ದಾಗ.

ಬಾಗಲಕೋಟೆಯಲ್ಲಿ ಟಿಕೆಟ್ ಮಾಡಿಕೊಡುವ ಒಬ್ಬ ಏಜೆಂಟನಿದ್ದ, ಹಜ್ ಯಾತ್ರೆಯವರನ್ನೂ ದುಬೈಗೆ ಕೆಲಸಕ್ಕೆ ಹೋಗುವವರನ್ನೂ ಕಳಿಸಿ ಹಳಬನಾದವನು. ತಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಏಜೆಂಟ ಮಗಳ ಪಾಸ್‌ಪೋರ್ಟು ತಿರುವಿದ. ಅದರಲ್ಲಿ ಇದ್ದದ್ದು ಮೊದಲ ಸಲ ಹೋಗುವಾಗಿನ ವೀಸಾ ಒಂದೇ, ಅದರ ಅವಧಿ ಎಂದೋ ಮುಗಿದಿತ್ತು. ಉಳಿದಂತೆ ಬಂದುಹೋದ ಮುದ್ರೆಗಳಷ್ಟೇ.

"ಏನೂ ಆಗಂಗಿಲ್ರಿ ಅಕ್ಕಾರ. ಇಷ್ಟ್ ಸಣ್ಣ ಹುಡಿಗಿನ್ನ ಯಾರ್ ತಡೀತಾರ?" ಎಂದ.

"ತಡದ್ರ?"

"ತಡದ್ರ ಅಲ್ಲೇ ಮುಂಬೈದಾಗ ತಡೀತಾರ, ಅಲ್ಲಿಂದ ವಾಪಸ್ ಬರ್ತೀರಿ. ಪ್ಯಾರಿಸ್ನ್ಯಾಗ ತಡೀಲಿಲ್ಲಲ್ಲಾ ಅಂತ ಖುಷಿಪಡ್ರಿ."

ಸಮಾಧಾನ ಹೇಳಲೆಂದೇ ಹೇಳಿದ್ದ. ಆದರೆ ಪ್ಯಾರಿಸ್ಸಿನಲ್ಲೂ ತಡೆಯಬಹುದು ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ. ಅಲ್ಲಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಾಜಿನ ಕೋಣೆಯೊಂದರಲ್ಲಿ ಮಗಳೊಂದಿಗೆ ಕೂತಿರುವುದು, ನನ್ನನ್ನು ಒಂದು ಬಾಗಿಲಿಗೆ, ಅವಳನ್ನು ಇನ್ನೊಂದು ಬಾಗಿಲಿಗೆ ಕರೆಯುವುದು, ಹೀಗೆಲ್ಲ ಕಣ್ಣಿಗೆ ಕಟ್ಟತೊಡಗಿತು. ತಮ್ಮನಿಗೆ ನೀರು ತರಲು ಹೇಳಿದೆ.

ಬಿಡು, ತಡವಾಗಿ ಹೋದರಾಯಿತು ಅನ್ನುವಂತೆಯೂ ಇರಲಿಲ್ಲ. ನನ್ನ ಕಾರ್ಡಿನ ಅವಧಿ ರಜೆ ಮುಗಿದ ಕೆಲವೇ ದಿನಕ್ಕೆ ತೀರುತ್ತಿತ್ತು. ಅದನ್ನು ಅಲ್ಲಿದ್ದೇ ಹೊಸದು ಮಾಡಿಸಬೇಕು. ಇಲ್ಲಿರುವಾಗ ತೀರಿದರೆ ನಾನೇ ಹೊರಗಿನವಳು. ಮತ್ತೆ ವೀಸಾ, ಮತ್ತೆ ಕಾಯುವಿಕೆ, ಅಲ್ಲಿಯತನಕ ಕೆಲಸ ಕಾದಿರುತ್ತದೆ ಎಂಬ ಖಾತ್ರಿಯಿಲ್ಲ. ನನ್ನ ಕೆಲಸದ ಪರವಾನಗಿಯ ಮೇಲೇ ಗಂಡನೂ ಮಗಳೂ ಅಲ್ಲಿ ಇರುವುದು.

ಅಂದು ಸಂಜೆ ಅಂಗಳದಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದು ಕೇಳಿದಳು.

"ಕೂಸಿಗೇನ್ ಕಾಗದಾ ಬೇಕಂತ? ಕುರಿಮರಿ ತಾಯಿ ಹಿಂದ ಹೋಗ್ತೈತಿ. ಅದರ ಚೀಟಿ ಯಾರ್ ಕೇಳ್ತಾರ?"

"ಅಲ್ಲಿ ಕೇಳ್ತಾರಬೇ."

"ಹಂಗಾರ ಇಲ್ಲೇ ಬಿಟ್ಟು ಹೋಗು. ನಿನ್ನ ನಾ ಬೆಳಸಿಲ್ಲೇನು? ಕಣ್ಣೂ ಕಾಣಾಕತ್ಯಾವ ಈಗ."

"ಎಷ್ಟ ದಿನಾ ಅಂತ ಬಿಡ್ಲಿ?"

"ಆ ಕಾಗದಾ ಬರೂತನ."

"ಯಾವಾಗ ಬರ್ತೈತಿ ಅಂತ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವ್ವ ಕನ್ನಡಕ ಮತ್ತೆ ಹಾಕಿಕೊಂಡಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿತು. ಗಂಡನಿಗೆ ಫೋನು ಮಾಡಿದರೆ ಅವನೂ ಅದನ್ನೇ ಹೇಳಿದ. "ನೀ ಒಬ್ಬಾಕಿನ ಬಾ. ಕಾರ್ಡ್ ಮಾಡಿಸ್ಕೋ. ಆಮ್ಯಾಲ ನಾ ರಜಾ ತುಗೊಂಡು ಬೇರೆ ಹಾದೀಲೆ ಹೋಗಿ ಕರ್ಕೊಂಡು ಬರ್ತೇನಿ." ಹೇಳುವಾಗ ದನಿ ಗಟ್ಟಿಯಾಗಿತ್ತು. ಕೊನೆಗೆ ಮಗಳನ್ನು ಮಾತಾಡಿಸು ಎಂದೆ. ಪಾತ್ರೆ ಒಲೆಯ ಮೇಲಿದೆ ಎಂದು ಫೋನು ಇಟ್ಟುಬಿಟ್ಟ.

ನಾವು ಅಂದುಕೊಂಡದ್ದು ಮಗಳು ಕುರಿಮರಿಗಳ ಜೊತೆ ಇದ್ದಾಳೆ ಎಂದು. ಅವಳು ಬಾಗಿಲ ಹಿಂದೆ ಇದ್ದಳು. ಅವಳಿಗೆ ನಮ್ಮ ಮಾತು ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅಂದು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ಶಾಲೆಯ ಬೂಟು ಹಾಕಿಕೊಂಡಳು. ಊಟಕ್ಕೆ ಕೂತಾಗಲೂ ಬಿಚ್ಚಲಿಲ್ಲ. ಅಡುಗೆಮನೆಗೆ ಬೂಟು ತರಬಾರದು ಎಂದು ತಮ್ಮನ ಹೆಂಡತಿ ನಯವಾಗಿ ಹೇಳಿದಳು. ಮಗಳು ಹೊಸ್ತಿಲ ಹೊರಗೆ ತಟ್ಟೆ ಇಟ್ಟುಕೊಂಡು ಉಂಡಳು. ಮಲಗುವಾಗ ಬಿಚ್ಚಲು ಹೋದರೆ ಕಾಲು ಎಳೆದುಕೊಂಡಳು.

"ಮಮ್ಮಿ, ನೀ ಗಡಬಡಿಸಿ ಹೊಂಟ್ರ ನಾ ರೆಡಿ ಇರಬೇಕಲ್ಲ" ಎಂದಳು.

ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳುವ ಧೈರ್ಯ ಅವತ್ತು ಇರಲಿಲ್ಲ, ಯಾಕೆಂದರೆ ಬಿಟ್ಟು ಹೋಗುವ ತಯಾರಿಯನ್ನೂ ನಾನು ಒಳಗೊಳಗೇ ಮಾಡುತ್ತಿದ್ದೆ. ತಮ್ಮನ ಹೆಂಡತಿಗೆ ಪರಿಚಯದ ಶಿಕ್ಷಕಿಯೊಬ್ಬರು ಹುನಗುಂದದ ಒಂದು ಶಾಲೆಯಲ್ಲಿದ್ದರು. ನೋಡಿ ಬರೋಣ, ನೋಡುವುದರಿಂದ ಏನಾಗುತ್ತದೆ ಎಂದು ಮಗಳನ್ನು ಕರೆದುಕೊಂಡು ಹೋದೆವು.

ಮುಖ್ಯ ಶಿಕ್ಷಕಿ ಕುರ್ಚಿ ಹಾಕಿಸಿ ಮಾತಾಡಿಸಿದರು. "ಎಷ್ಟ ದಿನದ ಸಲುವಾಗಿರಿ?" ಎಂದು ಕೇಳಿದರು. ಒಂದು ತಿಂಗಳು ಎಂದರೂ ಸುಳ್ಳಾಗಬಹುದು, ಒಂದು ವರ್ಷ ಎಂದರೂ ಸುಳ್ಳಾಗಬಹುದು. ಅವರು ಒತ್ತಾಯಿಸಲಿಲ್ಲ. ಬಿಡುವಿನ ಗಂಟೆ ಹೊಡೆದು ಮಕ್ಕಳು ಮೈದಾನಕ್ಕೆ ಬಂದಿದ್ದರು. ನನ್ನ ಮಗಳು ಹತ್ತು ಮಾತಿಗೆ ಎರಡು ಮಾತು ತಪ್ಪಾಡುತ್ತ, ಅವರ ಕೈ ಹಿಡಿದು ಸುತ್ತು ತಿರುಗುವ ಆಟಕ್ಕೆ ಸೇರಿಕೊಂಡಿದ್ದಳು. ಬೂಟು ಬಿಚ್ಚಿ ಗೋಡೆಯ ಬದಿಗೆ ಇಟ್ಟಿದ್ದಳು. ನಗುತ್ತಿದ್ದಳು.

ಅವಳು ಅಳುತ್ತಾಳೆ, ಅದನ್ನು ಹೇಗೆ ನೋಡಲಿ ಎಂದು ನಾನು ಹೆದರಿಕೊಂಡು ಬಂದಿದ್ದೆ. ನಗುವುದನ್ನು ನೋಡಿ ಹೆಚ್ಚು ಹೆದರಿದೆ. ಇವಳು ಇಲ್ಲಿ ಇರಬಲ್ಲಳು. ಸ್ವಲ್ಪ ದಿನಕ್ಕೆ ನನ್ನನ್ನು ಕೇಳುವುದನ್ನೂ ಬಿಡಬಲ್ಲಳು. ವಾಪಸು ಬರುವಾಗ ಜೀಪಿನಲ್ಲಿ ತಮ್ಮ, "ಸಾಲಿ ಚಲೋ ಐತಿ" ಎಂದ. ಹೌದು ಎಂದೆ. ಆಮೇಲೆ ಗುಡೂರಿನ ತಿರುವಿನಲ್ಲಿ ನನಗೇ ಗೊತ್ತಾಗದ ಹಾಗೆ, "ಇಬ್ಬರೂ ಮುಂಬೈಗೆ ಹೋಗ್ತೇವಿ. ನೀನೂ ಬಾ. ಅಲ್ಲಿ ಏನಂತಾರೋ ನೋಡೂನು" ಎಂದುಬಿಟ್ಟೆ. ಅದು ತೀರ್ಮಾನವಾಗಿರಲಿಲ್ಲ. ತೀರ್ಮಾನವನ್ನು ಇನ್ನೊಂದು ಊರಿನ ತನಕ ಮುಂದೂಡಿದೆ, ಅಷ್ಟೇ.

ಹೊರಡುವ ದಿನ ಅವ್ವ ಎರಡೂ ಪಾಸ್‌ಪೋರ್ಟುಗಳನ್ನು ಬೀರಪ್ಪನ ಮುಂದಿಟ್ಟು ಭಂಡಾರ ಹಚ್ಚಿದ್ದಳು. ನಮ್ಮ ಹಣೆಗೆ ಸ್ವಲ್ಪ ಹಚ್ಚಿದರೆ ಸಾಕಿತ್ತು. ಇದ್ದಬದ್ದ ಭಕ್ತಿಯನ್ನೆಲ್ಲ ಹಾಕಿ ಹಾಳೆ ತೆರೆದು ಒಳಗೂ ಹಚ್ಚಿಬಿಟ್ಟಿದ್ದಳು. ಮಗಳ ಫೋಟೊ ಇರುವ ಪುಟದ ಅಂಚಿನಲ್ಲಿ ಅರಿಶಿನದ ಹೆಬ್ಬೆಟ್ಟು ಎದ್ದು ಕಾಣುತ್ತಿತ್ತು. ಪಾಸ್‌ಪೋರ್ಟು ಕೆಡಿಸಿದ್ದೀರಿ ಎಂದು ಇದಕ್ಕೂ ತಡೆದರೆ? ಹತ್ತಿ ತಂದು ಒರೆಸತೊಡಗಿದೆ. ಒರೆಸಿದಷ್ಟೂ ಹರಡಿತು.

"ದೇವರ ಭಂಡಾರ ಒರಸ್ತಿಯಲ್ಲಬೇ" ಎಂದಳು ಅವ್ವ. ಸಿಟ್ಟಿರಲಿಲ್ಲ, ಬೇಜಾರಿತ್ತು. ಕೈ ನಿಲ್ಲಿಸಿ ಪಾಸ್‌ಪೋರ್ಟು ಚೀಲಕ್ಕೆ ಹಾಕಿಕೊಂಡೆ. ಅವ್ವ ಮೊಮ್ಮಗಳನ್ನು ತಬ್ಬಿಕೊಂಡು ಬೀಳ್ಕೊಡಬೇಕೋ, ವಾಪಸು ಬಂದಾಳು ಎಂದು ಕಾಯಬೇಕೋ ಗೊತ್ತಾಗದೆ ಹೊಸ್ತಿಲಲ್ಲೇ ನಿಂತಳು. ಬಾದಾಮಿ ಸ್ಟೇಷನ್ನಿನಲ್ಲಿ ಮೂವರೂ ಮುಂಬೈ ರೈಲು ಹತ್ತಿದೆವು.

ವಿಮಾನ ನಿಲ್ದಾಣದ ಒಳಗೆ ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲ. ತಮ್ಮ ಬಾಗಿಲ ಹೊರಗೆ ನಿಂತ. "ಏನಾದ್ರೂ ಫೋನ್ ಮಾಡು. ನಾ ಇಲ್ಲೇ ಇರ್ತೇನಿ, ಎಲ್ಲೂ ಹೋಗಂಗಿಲ್ಲ" ಎಂದ. ಅವನು ಯಾಕೆ ಬಂದಿದ್ದಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಗಳನ್ನು ವಾಪಸು ಕರೆದೊಯ್ಯಬೇಕಾದರೆ ಯಾರಾದರೂ ಬೇಕಲ್ಲ. ಮಗಳಿಗೂ ಗೊತ್ತಿತ್ತೋ ಏನೋ, ಮಾಮನಿಗೆ ಕೈ ಬೀಸದೆ ನನ್ನ ಚೀಲದ ಪಟ್ಟಿ ಹಿಡಿದುಕೊಂಡು ಒಳಗೆ ಬಂದಳು.

ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟು ನೋಡಿದಳು, ಕಾರ್ಡು ನೋಡಿದಳು, ತಲೆಯಾಡಿಸಿದಳು. ಮಗಳದನ್ನು ತಿರುವಿದಳು. ಅರಿಶಿನದ ಪುಟವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೊನೆಯ ಹಾಳೆಯ ತನಕ ಹೋಗಿ ಮತ್ತೆ ಮೊದಲಿಗೆ ಬಂದಳು. ಇವಳ ಕಾರ್ಡು ಎಂದು ಕೇಳಿದಳು. ಐರ್ಲೆಂಡಿನಲ್ಲಿ ಈ ವಯಸ್ಸಿನವರಿಗೆ ಕಾರ್ಡು ಕೊಡುವುದಿಲ್ಲ ಎಂದು ಹೇಳಿ, ಅಲ್ಲಿನ ಸರ್ಕಾರದ ಪುಟದಿಂದ ಮುದ್ರಿಸಿಕೊಂಡಿದ್ದ ಕಾಗದ, ಜನನ ಪ್ರಮಾಣಪತ್ರ, ಗಂಡನ ಒಪ್ಪಿಗೆ ಪತ್ರ ಎಲ್ಲವನ್ನೂ ಮುಂದಿಟ್ಟೆ. ಅವಳು ಓದಿದಳು. ಇದು ಐರ್ಲೆಂಡಿಗೆ ಸರಿ, ಪ್ಯಾರಿಸ್ಸಿಗೆ ಅಲ್ಲ ಎಂದಳು. ಪರದೆಯನ್ನು ನೋಡಿಕೊಂಡು, ದನಿ ಏರಿಸದೆ ಹೇಳಿದಳು: ನೀವು ಹೋಗಬಹುದು. ಮಗು ಹೋಗುವ ಹಾಗಿಲ್ಲ.

ಇಷ್ಟು ದಿನ ಹೆದರಿದ್ದು ಇದೇ ಮಾತಿಗೆ. ಕೇಳಿದಾಗ ಮಾತ್ರ ಯಾರಿಗೋ ಹೇಳುತ್ತಿದ್ದಾಳೆ ಅನ್ನಿಸಿತು. ನನ್ನ ಹಿಂದೆ ಸಾಲು ಬೆಳೆದಿತ್ತು. ಕೌಂಟರ್ ಮುಚ್ಚುವ ಹೊತ್ತಾಗುತ್ತಿದೆ, ಬೇಗ ಹೇಳಿ ಎಂದಳು. ಗಂಡನಿಗೆ ಫೋನು ಹಚ್ಚಿದೆ.

"ನೀ ಹತ್ತ. ಕೂಸಿನ್ನ ಮಾಮಾನ ಕೈಯಾಗ ಕೊಡು. ಇಲ್ಲಂದ್ರ ಎಲ್ಲಾ ಹೋಗ್ತೈತಿ" ಎಂದ.

ನಾನು ಮಗಳನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನಮ್ಮ ಪೆಟ್ಟಿಗೆಗಳನ್ನು ನೋಡುತ್ತಿದ್ದಳು, ಯಾವುದು ಮೊದಲು ಒಳಗೆ ಹೋಗುತ್ತದೆ ಎಂದು. ಅವಳ ಬಟ್ಟೆಗಳೂ ನನ್ನವೂ ಬೆರೆತೇ ಇದ್ದವು. ಬಿಟ್ಟು ಹೋಗುವುದಾದರೆ ಈಗ ಇಲ್ಲೇ ನೆಲದ ಮೇಲೆ ಪೆಟ್ಟಿಗೆ ತೆರೆದು ಅವಳ ಅಂಗಿ, ಅವಳ ಗೊಂಬೆ ಬೇರೆ ಮಾಡಬೇಕು. ಅದು ನನ್ನಿಂದ ಆಗದು ಎಂದು ಆಗ ಗೊತ್ತಾಯಿತು.

"ನಾ ಒಬ್ಬಾಕಿನ ಬರಂಗಿಲ್ಲ" ಎಂದೆ.

ಆ ಕಡೆಯಿಂದ ಅವನು ಮೂಗು ಒರೆಸಿಕೊಂಡ ಸದ್ದು. "ಆತು. ಹೋದ್ರ ಹೋಗ್ಲಿ. ಕಾರ್ಡ್ ಹೋದ್ರ ನಾನ ಬರ್ತೇನಿ ಅಲ್ಲಿಗೆ. ಬಾದಾಮ್ಯಾಗ ಮತ್ತ ಹೋಟೆಲ್ ಸೇರ್ಕೊಂತೇನಿ. ಅಳಬ್ಯಾಡ."

ನಾನು ಅಳುತ್ತಿರಲಿಲ್ಲ. ಕೌಂಟರಿನ ಹುಡುಗಿಗೆ ನಾವಿಬ್ಬರೂ ಹೋಗುವುದಿಲ್ಲ, ಆದರೆ ನಿಮ್ಮ ಮೇಲಿನವರನ್ನು ಕರೆಯಿರಿ ಎಂದೆ. ಅಷ್ಟು ಗಟ್ಟಿಯಾಗಿ ಎಲ್ಲಿಂದ ಹೇಳಿದೆನೋ. ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು ಬಂದರು. ಅವರೂ ಮೊದಲು ಅದೇ ಪಾಠ ಹೇಳಿದರು: ಕಾಗದಪತ್ರ ಪ್ರಯಾಣಿಕರ ಜವಾಬ್ದಾರಿ. ನನಗೆ ಬರುವ ಇಂಗ್ಲಿಷು ಮುದುಕರ ಜೊತೆ ಮಾತಾಡಿ ಕಲಿತದ್ದು, ನಿಧಾನದ್ದು. ನಿಧಾನವಾಗಿಯೇ ಹೇಳಿದೆ. ನಾನು ಟಿಕೆಟ್ ಕೊಂಡ ದಾರಿಯಲ್ಲಿ ನನ್ನ ಮಗಳಿಗೆ ವೀಸಾ ಬೇಕಿರಲಿಲ್ಲ. ದಾರಿ ಬದಲಿಸಿದ್ದು ನಾನಲ್ಲ, ನೀವು. ಬದಲಿಸುವಾಗ ಟಿಕೆಟಿನಲ್ಲಿ ಇರುವುದು ಸಣ್ಣ ಮಗು, ಭಾರತದ ಪಾಸ್‌ಪೋರ್ಟು ಎಂಬುದು ನಿಮಗೆ ಗೊತ್ತಿತ್ತು. ಇವಳು ಹೋಗಬಹುದಾದ ದಾರಿಗೆ ನಮ್ಮನ್ನು ಹಾಕಿಕೊಡಿ.

ಅವರು ನಮ್ಮ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು, ಅಲ್ಲಿ ಕೂತಿರಿ ಎಂದು ಕಂಬದ ಕಡೆ ಕೈ ಮಾಡಿ ಒಳಗೆ ಹೋದರು.

ಪಾಸ್‌ಪೋರ್ಟು ಕೈಯಲ್ಲಿ ಇಲ್ಲದೆ ಕೂರುವುದು ಎಂಥದು ಎಂದು ಹೇಗೆ ಹೇಳಲಿ. ಕಂಬಕ್ಕೆ ಒರಗಿ ನೆಲದ ಮೇಲೆ ಕೂತೆವು. ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಮಗಳು ಅಂಚಿನಿಂದ ಸುತ್ತ ಕಚ್ಚುತ್ತ ತಿಂದಳು. ನಮ್ಮ ವಿಮಾನದ ಹೆಸರು ಬೋರ್ಡಿನಲ್ಲಿ ಮೇಲೆ ಏರುತ್ತ ಏರುತ್ತ ಕೊನೆಗೆ ಇಲ್ಲವಾಯಿತು. ತಮ್ಮ ಗಳಿಗೆಗೊಮ್ಮೆ ಫೋನು ಮಾಡುತ್ತಿದ್ದ. ಏನೂ ಇಲ್ಲ, ಕೂತಿದ್ದೇವೆ ಎನ್ನುತ್ತಿದ್ದೆ. ಒಮ್ಮೆ, "ಅವರ ಕೂಡ ಜಗಳಾ ಮಾಡ್ಲೇನು ಒಳಗ ಬಂದು?" ಎಂದ. ಬರುವುದಾದರೂ ಹೇಗೆ ಎಂದರೆ, "ಅದೂ ಖರೇನ ಬಿಡು" ಎಂದ. ಆ ಹೊತ್ತಿನಲ್ಲೂ ನಗು ಬಂತು.

"ಮಮ್ಮಿ, ನನ್ನ ಸಲುವಾಗಿ ವಿಮಾನ ಹೋತಾ?" ಎಂದು ಮಗಳು ಕೇಳಿದಳು.

"ಇಲ್ಲ. ಆ ವಿಮಾನ ನಮ್ಮದಲ್ಲ. ನಮ್ಮ ವಿಮಾನ ಇನ್ನೂ ಬರಬೇಕು" ಎಂದೆ. ಅದು ನಿಜವೋ ಅಲ್ಲವೋ ನನಗೆ ತಿಳಿದಿರಲಿಲ್ಲ.

ಇಳಿಹೊತ್ತಿಗೆ ಆ ಹೆಣ್ಣುಮಗಳು ವಾಪಸು ಬಂದರು. ಮರುದಿನ ಬೆಳಿಗ್ಗೆ ಬೇರೊಂದು ಸಂಸ್ಥೆಯ ವಿಮಾನದಲ್ಲಿ ಇಸ್ತಾಂಬುಲ್ ಮೂಲಕ ಎರಡು ಸೀಟು ಸಿಕ್ಕಿದ್ದವು. ಅಲ್ಲಿ ನಿಲ್ದಾಣದ ಒಳಗೇ ಇದ್ದರೆ ನಮಗೆ ಟ್ರಾನ್ಸಿಟ್ ವೀಸಾ ಬೇಡ. ಅವರು ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ ನಿಯಮವನ್ನು ನನಗೇ ಓದಲು ಕೊಟ್ಟರು. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿರಬೇಕು, ಪೆಟ್ಟಿಗೆಗಳು ನೇರ ಡಬ್ಲಿನ್ನಿಗೆ ಹೋಗಬೇಕು. ಪೆಟ್ಟಿಗೆ ತೆಗೆದುಕೊಳ್ಳಲು ಹೊರಗೆ ಬಂದಿರೋ, ಆ ದೇಶವನ್ನು ಪ್ರವೇಶಿಸಿದ ಹಾಗೆ, ಆಗ ವೀಸಾ ಬೇಕು ಎಂದು ಬಿಡಿಸಿ ಹೇಳಿದರು. ಮಗಳ ತಲೆ ಸವರಿ, ನನಗೂ ಇದೇ ವಯಸ್ಸಿನವನೊಬ್ಬನಿದ್ದಾನೆ ಎಂದರು. ಅವರಿಗೆ ಕೈ ಮುಗಿದೆ.

ಅಂದು ಮುಂಬೈಯಲ್ಲೇ ಇರುವ ಗುಡೂರಿನ ಕಡೆಯವರೊಬ್ಬರ ಮನೆಯಲ್ಲಿ ಉಳಿದೆವು. ಮರುದಿನ ತಮ್ಮ ಮತ್ತೆ ಅದೇ ಬಾಗಿಲ ಹೊರಗೆ ನಿಂತ. ವಿಮಾನ ಹತ್ತಿ ಕೂತು ಪಟ್ಟಿ ಕಟ್ಟಿಕೊಂಡ ಮೇಲೆಯೇ ಅವನಿಗೆ ಫೋನು ಮಾಡಿ ಹೋಗು ಎಂದೆ.

ಇಸ್ತಾಂಬುಲ್ಲಿನಲ್ಲಿ ಇಳಿದಾಗಿನಿಂದ ನನಗೆ ಒಂದೇ ಹೆದರಿಕೆ: ತಪ್ಪು ಬಾಣ ಹಿಡಿದು ಹೊರಗೆ ಹೋಗಿಬಿಟ್ಟರೆ? ಊರೊಳಗೆ ಹೋಗುವವರಿಗೆ ಒಂದು ಬಾಣ, ವಿಮಾನ ಬದಲಿಸುವವರಿಗೆ ಇನ್ನೊಂದು. ಜನರೆಲ್ಲ ಹೊರಗಿನ ಕಡೆಗೇ ನಡೆಯುತ್ತಿದ್ದರು. ಸರಿಯಾದ ಬಾಣದ ಕೆಳಗೆ ನಿಂತೂ ಅಲ್ಲಿದ್ದ ಕೆಲಸದವನನ್ನು ಕೇಳಿದೆ, ಮುಂದಿನ ತಿರುವಿನಲ್ಲಿ ಮತ್ತೊಬ್ಬಳನ್ನು ಕೇಳಿದೆ. ಮಗಳು ಗೊಂಬೆಯ ಅಂಗಡಿ ನೋಡೋಣ ಎಂದು ಕೈ ಎಳೆದಳು. ಬೇಡ ಎಂದು ಅವಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಿಟ್ಟಾಗ ಬೆರಳಿನ ಗುರುತು ಮೂಡಿತ್ತು. ನಮ್ಮ ಗೇಟು ಯಾವುದೆಂದು ಗೊತ್ತಾದ ಕೂಡಲೇ ಅದರ ಎದುರೇ ಹೋಗಿ ಕೂತೆವು, ಇನ್ನೂ ಯಾರೂ ಬಂದಿರಲಿಲ್ಲ.

ಗೇಟಿನಲ್ಲಿ ಮತ್ತೆ ಅದೇ ಪ್ರಶ್ನೆ. ಇವಳ ಕಾರ್ಡು? ಮತ್ತೆ ಅದೇ ಕಾಗದಗಳನ್ನು ತೆಗೆದೆ. ಆ ಯುವಕ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ ಯಾರಿಗೋ ಫೋನು ಮಾಡಿದ. ಅವನ ಮಾತು ನನಗೆ ತಿಳಿಯದು. ಮುಖವನ್ನೇ ನೋಡುತ್ತ ನಿಂತೆ, ಹುಬ್ಬು ಏರಿತೇ, ಇಳಿಯಿತೇ ಎಂದು. ಸಾಲಿನಲ್ಲಿದ್ದವರೆಲ್ಲ ನಮ್ಮನ್ನು ದಾಟಿ ಒಳಗೆ ಹೋದರು. ಒಬ್ಬ ಮುದುಕಿ ಮಾತ್ರ ಹೋಗುವಾಗ ಮಗಳ ಕೈಗೆ ಒಂದು ಚಾಕೊಲೇಟ್ ಇಟ್ಟಳು. ಕೊನೆಗೆ ಅವನು ಫೋನು ಇಟ್ಟು, ಹೋಗಿ ಎಂದು ಕೈ ತೋರಿಸಿದ.

ಡಬ್ಲಿನ್ನಿನಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ನನ್ನ ಕಾರ್ಡು ನೋಡಿ, ಇದು ಇನ್ನೇನು ಮುಗಿಯುತ್ತದೆ, ಬೇಗ ಹೊಸದು ಮಾಡಿಸಿಕೊಳ್ಳಿ ಎಂದ. ಮಗಳ ಕಡೆ ಬಾಗಿ, ರಜೆಯಲ್ಲಿ ಏನು ಮಾಡಿದೆ ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳು, ಹೇಳಬಹುದೇ ಎಂಬಂತೆ. ನಾನು ತಲೆಯಾಡಿಸಿದೆ. ಅಜ್ಜಿಯ ಕಣ್ಣು ರಿಪೇರಿ ಮಾಡಿಸಿದೆವು ಎಂದಳು. ಅವನು ನಕ್ಕು ಮುದ್ರೆ ಒತ್ತಿದ.

ಕಾರ್ಡು ಆಮೇಲೆ ಹೊಸದಾಯಿತು, ಕೆಲಸವೂ ಉಳಿಯಿತು. ಆದರೆ ನನಗೆ ಹೆಚ್ಚು ನೆನಪಿರುವುದು ಅಂದು ಪೆಟ್ಟಿಗೆಗಳನ್ನು ತಳ್ಳಿಕೊಂಡು ಹೊರಗೆ ಬಂದಾಗ ನಡೆದದ್ದು. ಗಂಡ ಕಟಕಟೆಯ ಆಚೆ ನಿಂತಿದ್ದ, ಅಡುಗೆಮನೆಯ ಬಿಳಿ ಅಂಗಿಯಲ್ಲೇ ಬಂದಿದ್ದ. ಎರಡೂ ಕೈ ಚಾಚಿದ. ಮಗಳು ಓಡುತ್ತಾಳೆ ಎಂದುಕೊಂಡೆ. ಅವಳು ನೆಲದ ಮೇಲಿನ ಒಂದು ಹಳದಿ ಪಟ್ಟಿಯ ಹತ್ತಿರ ಬಂದು ಬೂಟಿನ ತುದಿ ಅದಕ್ಕೆ ತಾಗದ ಹಾಗೆ ನಿಂತುಬಿಟ್ಟಳು. ಹಿಂದೆ ತಿರುಗಿ ಕೇಳಿದಳು:

"ಮಮ್ಮಿ, ಈ ಗೆರಿ ನಾ ದಾಟಬಹುದಾ?"

ದಾಟು ಎಂದು ನಾನು ಹೇಳುವ ಮೊದಲೇ ಅವಳ ಅಪ್ಪ ಕಟಕಟೆಯ ಕೆಳಗಿನಿಂದ ನುಸುಳಿ ಬಂದು ಅವಳನ್ನು ಎತ್ತಿಕೊಂಡ. ಕಾವಲಿನವನು ಏನೋ ಕೂಗಿದ. ನಾವು ಮೂವರೂ ಅಲ್ಲೇ ನಿಂತಿದ್ದೆವು.